ಎಡ ಭುಜಕ್ಕಿಂತ ಬಲ ಭುಜ ಮೇಲೆ

ಕತ್ರಿಗುಪ್ಪೆಯ ಒಂದು ಅಡ್ಡರಸ್ತೆಯಲ್ಲಿ ಕೆಂಪಕ್ಕನ ಟೈಲರಿಂಗ್ ಅಂಗಡಿ. ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಥ ಒಂದು ಸಂಜೆ ಜಯಶೀಲಾ ಮಗಳು ಬಿಂದುಶ್ರೀಯನ್ನು ಕರೆದುಕೊಂಡು ಸಿಟ್ಟಿನಲ್ಲೇ ಬಂದಳು.

“ನೋಡಿ ಕೆಂಪಕ್ಕ, ಯೂನಿಫಾರಂ ಟಾಪ್ ಒಂದು ಕಡೆ ಮೇಲಕ್ಕೆ ಹೋಗುತ್ತೆ, ಇನ್ನೊಂದು ಕಡೆ ಇಳಿಯುತ್ತೆ. ಇದು ಎರಡನೇ ಸಲ ತರ್ತಾ ಇರೋದು.”

ಕೆಂಪಕ್ಕ ಟಾಪನ್ನು ಮೇಜಿನ ಮೇಲೆ ಹಾಸಿ ಮಧ್ಯಕ್ಕೆ ಮಡಚಿದಳು. ಎರಡು ಅಂಚುಗಳೂ ಸರಿಯಾಗಿ ಕೂಡಿದವು.

“ಬಟ್ಟೆ ನೆಟ್ಟಗಿದೆ ಜಯಾ. ಬಿಂದು, ನೀನು ಸ್ವಲ್ಪ ಒಳಗೆ ಬಾ.”

ಪರದೆಯ ಹಿಂದೆ ಹುಡುಗಿಯನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ಟಾಪ್ ಮೇಲೆತ್ತಿ, ಎರಡು ಕೈ ಜೋಡಿಸಿಕೊಂಡು ಮುಂದಕ್ಕೆ ಬಗ್ಗಲು ಹೇಳಿದಳು. ಜಯಶೀಲಾ ನೋಡಿದಳು. ಮಗಳ ಬೆನ್ನಿನ ಬಲಭಾಗ ಎಡಭಾಗಕ್ಕಿಂತ ಬೆರಳಿನಷ್ಟು ಎತ್ತರಕ್ಕೆ ಉಬ್ಬಿತ್ತು. ಬೆನ್ನುಮೂಳೆ ನೇರವಾಗಿರದೆ ಹಾವಿನಂತೆ ಒಂದು ಬದಿಗೆ ಓಡಿತ್ತು.

ಬಿಂದುವಿಗೆ ಹದಿಮೂರು ವರ್ಷ. ಅವಳು ಒಬ್ಬಳೇ ಸ್ನಾನ ಮಾಡಲು ಶುರುಮಾಡಿ ಮೂರು ವರ್ಷವಾಗಿತ್ತು. ಅಲ್ಲಿಂದ ಈಚೆಗೆ ಮಗಳ ಬೆನ್ನನ್ನು ತಾನು ಒಮ್ಮೆಯೂ ನೋಡಿಲ್ಲ ಎಂಬುದು ಜಯಶೀಲಾಗೆ ಆಗ ಹೊಳೆಯಿತು.

“ನೋವಿದೆಯೇನೇ?”

“ಇಲ್ಲಮ್ಮ. ಏನೂ ಇಲ್ಲ.”

“ನೋವಿಲ್ಲ ಅಂತ ಸುಮ್ನಿರಬೇಡ ಜಯಾ,” ಎಂದಳು ಕೆಂಪಕ್ಕ. “ನಾನು ಬಟ್ಟೆ ಹೊಲಿಯೋ ಇನ್ನೊಂದು ಹುಡುಗಿಗೂ ಹೀಗೇ ಇತ್ತು. ಡಾಕ್ಟರಿಗೆ ತೋರಿಸು.”

ಬಿಂದುವಿನ ತಂದೆ ವೆಂಕಟಾಚಲನಿಗೆ ಹೊಸಕೆರೆಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಹೆಂಡತಿಯ ಮಾತನ್ನು ಅವನು ತಳ್ಳಿಹಾಕಿದ.

“ಬ್ಯಾಗ್ ಭಾರ, ಅದಕ್ಕೇ ಹಾಗಾಗಿರುತ್ತೆ. ಮೊಬೈಲ್ ಹಿಡ್ಕೊಂಡು ಬಗ್ಗಿ ಕೂತಿರ್ತಾಳೆ ಬೇರೆ. ತಲಘಟ್ಟಪುರದಲ್ಲಿ ಗೂಳಪ್ಪ ಅಂತ ಇದಾರೆ. ಎಣ್ಣೆ ಹಾಕಿ ನೀವಿದ್ರೆ ಎಂಥಾ ಮೂಳೆನೂ ಸರಿಹೋಗುತ್ತೆ ಅಂತಾರೆ. ಡಾಕ್ಟರ್ ಹತ್ರ ಹೋದ್ರೆ ಕತ್ತರಿಸೋ ಮಾತೇ ಆಡೋದು.”

ಪ್ರತಿ ಭಾನುವಾರ ಬಿಂದು ತಲಘಟ್ಟಪುರಕ್ಕೆ ಹೋದಳು. ಗೂಳಪ್ಪ ಮಂಡಿ ಊರಿ ಬೆನ್ನು ಒತ್ತುವಾಗ ಟವೆಲ್ ಕಚ್ಚಿಕೊಂಡು ಮಲಗಿರುತ್ತಿದ್ದಳು. ಮನೆಯಲ್ಲಿ ಅಮ್ಮ ದಿನಕ್ಕೆ ಹತ್ತು ಸಲ “ನೆಟ್ಟಗೆ ನಿಂತ್ಕೋ” ಅನ್ನುತ್ತಿದ್ದಳು. ಬಿಂದು ನೆಟ್ಟಗೆ ನಿಂತೇ ಇರುತ್ತಿದ್ದಳು. ಅವಳಿಗೆ ಅದಕ್ಕಿಂತ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ.

ದಸರಾ ಕಳೆಯಿತು. ಆರು ತಿಂಗಳಲ್ಲಿ ಹುಡುಗಿ ಎರಡು ಇಂಚು ಬೆಳೆದಳು. ಅವಳ ಜೊತೆಗೆ ಡೊಂಕೂ ಬೆಳೆಯಿತು. ಬಿಸಿಲಲ್ಲೂ ಜಾಕೆಟ್ ತೆಗೆಯುವುದನ್ನು ಬಿಟ್ಟಳು. ಚಿಕ್ಕಮ್ಮನ ಮಗಳ ಮದುವೆಗೆ ಲಂಗ ಬ್ಲೌಸ್ ಹಾಕಬೇಕು ಎಂದಾಗ, “ನಾನು ಬರಲ್ಲ, ನೀವೆಲ್ಲ ಹೋಗಿ” ಎಂದು ಗೋಡೆ ಕಡೆ ತಿರುಗಿ ಮಲಗಿದಳು. ಆ ರಾತ್ರಿಯಿಂದ ಜಯಶೀಲಾಗೆ ಊಟ ಸೇರಲಿಲ್ಲ.

ಆ ವಾರವೇ ಅವಳು ಕೆಂಪಕ್ಕನ ಬಳಿ ಹೋಗಿ ಅತ್ತಳು. ಕೆಂಪಕ್ಕ ಮರುದಿನ, ಜೂನ್‌ನಲ್ಲಿ ತಾನು ಹೇಳಿದ್ದ ಹುಡುಗಿಯನ್ನೇ ಜಯಶೀಲಾ ಮನೆಗೆ ಕರೆತಂದಳು. ಅವಳ ಹೆಸರು ಸಿರಿ. ಬಿಟಿಎಂ ಲೇಔಟ್‌ನಲ್ಲಿ ಮೆಡಿಕಲ್ ಸ್ಟೋರ್ ನೋಡಿಕೊಳ್ಳುತ್ತಾಳೆ, ಸ್ಕೂಟರ್ ಓಡಿಸುತ್ತಾಳೆ.

“ಹನ್ನೊಂದು ವರ್ಷ ಆಯ್ತು ಅಂಕಲ್ ನಂಗೆ ಆಪರೇಷನ್ ಆಗಿ,” ಎಂದಳು ಸಿರಿ ವೆಂಕಟಾಚಲನಿಗೆ. “ಇದಕ್ಕೆ ಸ್ಕೋಲಿಯೋಸಿಸ್ ಅಂತಾರೆ. ಬ್ಯಾಗಿಂದ ಬರಲ್ಲ, ಕೂರೋ ರೀತಿಯಿಂದಾನೂ ಬರಲ್ಲ. ತುಂಬ ಮಕ್ಕಳಲ್ಲಿ ಯಾಕೆ ಬರುತ್ತೆ ಅಂತಾನೇ ಗೊತ್ತಾಗಲ್ಲ. ಬಿಂದುದು ತಪ್ಪೇನಿಲ್ಲ.”

ಮೂಲೆಯಲ್ಲಿ ಕೂತಿದ್ದ ಬಿಂದು ತಲೆ ಎತ್ತಿ ಅವಳನ್ನು ನೋಡಿದಳು.

“ಬೆನ್ನಿಗೆ ಕತ್ತಿ ಹಾಕಿದ್ರೆ ಕಾಲು ಹೋಗುತ್ತೆ ಅಂತಾರಲ್ಲಮ್ಮ?” ವೆಂಕಟಾಚಲ ಕೇಳಿದ. ಇಷ್ಟು ದಿನ ಅವನು ಬಾಯಿಬಿಟ್ಟು ಹೇಳದ ಭಯ ಅದೇ ಆಗಿತ್ತು.

“ಆ ಪ್ರಶ್ನೆ ನನ್ನ ಕೇಳಬೇಡಿ ಅಂಕಲ್. ಡಾಕ್ಟರನ್ನೇ ಕೇಳಿ. ಅವರು ಬೇಜಾರು ಮಾಡ್ಕೊಳಲ್ಲ.”

ಸಿರಿ ಹೇಳಿದ ಜಯನಗರದ ಆಸ್ಪತ್ರೆಯಲ್ಲಿ ಡಾಕ್ಟರ್ ಕೈಲಾಸ್ ಮೊದಲು ಬಿಂದುವನ್ನೇ ಮಾತಾಡಿಸಿದರು. ನಡೆಸಿದರು, ಬಗ್ಗಿಸಿದರು, ಮಂಡಿ ತಟ್ಟಿ ನೋಡಿದರು. ಆಮೇಲೆ ಬೆನ್ನಿನ ಉದ್ದಕ್ಕೂ ತೆಗೆದ ಎಕ್ಸ್‌ರೇ ಮೇಲೆ ಎರಡು ಗೆರೆ ಎಳೆದು ಅಳೆದರು.

“ಡೊಂಕು ಐವತ್ತೆರಡು ಡಿಗ್ರಿ ಇದೆ. ಮೊದಲು ಯಾವಾಗ ಗೊತ್ತಾಯ್ತು?”

“ಜೂನ್‌ನಲ್ಲಿ ಸಾರ್,” ಎಂದಳು ಜಯಶೀಲಾ.

ಅದು ಜನವರಿ. ಡಾಕ್ಟರ್ ಎಕ್ಸ್‌ರೇಯನ್ನು ಅವರ ಕಡೆ ತಿರುಗಿಸಿದರು.

“ಬೆಳೆಯೋ ವಯಸ್ಸಲ್ಲಿ ಡೊಂಕು ಕಡಿಮೆ ಇರುವಾಗ ಬಂದ್ರೆ ಬ್ರೇಸ್ ಅಂತ ಒಂದು ಕವಚ ಕೊಡ್ತೀವಿ. ಬಟ್ಟೆ ಒಳಗೆ ಹಾಕ್ಕೊಳ್ಳೋದು. ತುಂಬ ಮಕ್ಕಳಿಗೆ ಡೊಂಕು ಅಲ್ಲಿಗೇ ನಿಲ್ಲುತ್ತೆ. ಜೂನ್‌ನಲ್ಲಿ ಅದಕ್ಕೆ ಅವಕಾಶ ಇತ್ತೇನೋ. ಈಗ ಆ ಹಂತ ದಾಟಿದೆ, ಆಪರೇಷನ್ ಮಾಡಿ ಸ್ಕ್ರೂ, ರಾಡ್ ಹಾಕಿ ಮೂಳೆನ ನೆಟ್ಟಗೆ ಮಾಡಬೇಕಾಗುತ್ತೆ. ಇದನ್ನ ಹೀಗೇ ಬಿಟ್ರೆ ಮುಂದೆನೂ ಹೆಚ್ಚಾಗ್ತಾ ಹೋಗಬಹುದು. ತುಂಬ ಹೆಚ್ಚಾದ್ರೆ ಶ್ವಾಸಕೋಶಕ್ಕೆ ಜಾಗ ಸಾಲಲ್ಲ.”

ವೆಂಕಟಾಚಲ ಕೇಳಿದ. “ತಪ್ಪು ತಿಳ್ಕೋಬೇಡಿ ಸಾರ್. ನೀವು ಎಷ್ಟು ಮಾಡಿದೀರಿ ಇಂಥದ್ದು?”

“ಕೇಳಲೇಬೇಕಾದ ಪ್ರಶ್ನೆ ಅದು. ಎಂಬಿಬಿಎಸ್ ಆದ್ಮೇಲೆ ಮೂರು ವರ್ಷ ಮೂಳೆ ವೈದ್ಯಕೀಯ ಓದಿದೆ. ಆಮೇಲೆ ಎರಡು ವರ್ಷ ಬರೀ ಬೆನ್ನುಮೂಳೆ. ಅದರಲ್ಲಿ ಮೊದಲ ವರ್ಷ ನಮ್ಮ ಗುರುಗಳು ನನ್ನ ಕೈಗೆ ಒಂದು ಸ್ಕ್ರೂನೂ ಕೊಡಲಿಲ್ಲ. ಎಕ್ಸ್‌ರೇ ಅಳೆಯೋದು, ಪಕ್ಕದಲ್ಲಿ ನಿಂತು ನೋಡೋದು, ಅಷ್ಟೇ. ಡೊಂಕು ಬೆನ್ನಿನ ಕೆಲಸ ಶುರುಮಾಡಿ ಹದಿನೇಳು ವರ್ಷ. ಆರುನೂರು ದಾಟಿದೆ.”

“ಕಾಲು...?”

“ಅಪಾಯ ಇಲ್ಲ ಅಂತ ನಾನು ಹೇಳಲ್ಲ. ಹಾಗೆ ಹೇಳೋರನ್ನ ನಂಬಬೇಡಿ. ಇಂಥ ಆಪರೇಷನ್‌ನಲ್ಲಿ ನರಕ್ಕೆ ತೊಂದರೆ ಆಗೋದು ನೂರಕ್ಕೆ ಒಂದಕ್ಕಿಂತ ಕಡಿಮೆ. ಆಪರೇಷನ್ ಪೂರ್ತಿ ಒಂದು ಯಂತ್ರ ಅವಳ ನರಗಳನ್ನ ನೋಡ್ತಾ ಇರುತ್ತೆ. ಸ್ವಲ್ಪ ವ್ಯತ್ಯಾಸ ಬಂದ್ರೂ ನಾವು ಅಲ್ಲೇ ನಿಲ್ಲಿಸ್ತೀವಿ. ಅವಸರ ಮಾಡಬೇಡಿ. ಇನ್ನೊಬ್ಬ ಬೆನ್ನುಮೂಳೆ ಡಾಕ್ಟರಿಗೂ ತೋರಿಸಿ ಬನ್ನಿ.”

ಈಗ ಬಿಂದುವೇ ಕೇಳಿದಳು. “ಆಮೇಲೆ ಬಗ್ಗೋಕೆ ಆಗುತ್ತಾ ಡಾಕ್ಟರ್?”

“ಸೊಂಟದಿಂದ ಬಗ್ತೀಯಮ್ಮ. ರಾಡ್ ಹಾಕಿದ ಭಾಗ ಮಾತ್ರ ಬಳುಕಲ್ಲ. ಓಡಬಹುದು, ಈಜಬಹುದು. ಮುಂದೆ ಮದುವೆ, ಮಕ್ಕಳು, ಎಲ್ಲಾ ಆಗುತ್ತೆ.”

ಅವಳು ಅಪ್ಪನ ಕಡೆ ತಿರುಗಿದಳು. “ನಾನು ಮಾಡಿಸ್ಕೋತೀನಿ ಅಪ್ಪ.”

ಎರಡನೇ ಡಾಕ್ಟರ್ ಕೂಡ ಅದನ್ನೇ ಹೇಳಿದರು. ಎಂಆರ್‌ಐ ಆಯಿತು, ರಕ್ತ ಪರೀಕ್ಷೆ ಆಯಿತು. ಫೆಬ್ರವರಿಯ ಒಂದು ಬುಧವಾರ ಬೆಳಿಗ್ಗೆ ಎಂಟಕ್ಕೆ ಬಿಂದುವನ್ನು ಒಳಗೆ ಕರೆದೊಯ್ದರು.

ಐದು ಗಂಟೆ ಹಿಡಿಯುತ್ತದೆ ಎಂದಿದ್ದರು. ಮಧ್ಯಾಹ್ನ ಒಂದು ಗಂಟೆಯಾಯಿತು. ಬಾಗಿಲು ತೆರೆಯಲಿಲ್ಲ. ಒಂದೂವರೆ, ಎರಡು. ಜಯಶೀಲಾ ಮಗಳ ಚಪ್ಪಲಿ ಇದ್ದ ಚೀಲವನ್ನು ಮಡಿಲಿನಲ್ಲಿಟ್ಟುಕೊಂಡು ಅಲುಗಾಡದೆ ಕೂತಿದ್ದಳು. ವೆಂಕಟಾಚಲ ನರ್ಸನ್ನು ಮೂರು ಸಲ ಕೇಳಿದ. “ನಡೀತಾ ಇದೆ ಅಂಕಲ್” ಎಂಬುದಷ್ಟೇ ಉತ್ತರ. ಏಳು ತಿಂಗಳು ಎಣ್ಣೆ ತಿಕ್ಕಿಸಿದ್ದು ನಾನೇ, ಇವಳಿಗೆ ಏನಾದರೂ ಆದರೆ ಹೊಣೆ ನಾನೇ ಎಂದು ಅವನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು.

ಎರಡೂವರೆಗೆ ಡಾಕ್ಟರ್ ಕೈಲಾಸ್ ಹೊರಗೆ ಬಂದರು. ಮುಖದಲ್ಲಿ ಮಾಸ್ಕಿನ ಗುರುತು ಹಾಗೇ ಉಳಿದಿತ್ತು.

“ಮಧ್ಯದಲ್ಲಿ ಯಂತ್ರ ಒಂದು ಸಲ ಎಚ್ಚರಿಕೆ ಕೊಡ್ತು. ನಿಲ್ಲಿಸಿ, ಬಿಪಿ ಸರಿಮಾಡಿ, ರಾಡ್ ಸ್ವಲ್ಪ ಸಡಿಲಿಸಿ ಕಾದ್ವಿ. ಎಲ್ಲಾ ಮಾಮೂಲಿಗೆ ಬಂದ್ಮೇಲೇ ಮುಂದುವರಿಸಿದ್ದು. ಅದಕ್ಕೇ ತಡ. ಈಗ ಎದ್ದಿದ್ದಾಳೆ. ಎರಡೂ ಕಾಲಿನ ಬೆರಳು ಆಡಿಸ್ತಾ ಇದಾಳೆ.”

ವೆಂಕಟಾಚಲ ಹೆಂಡತಿಯ ಮಡಿಲಿನಿಂದ ಚಪ್ಪಲಿಯ ಚೀಲ ತೆಗೆದುಕೊಂಡು ಡಾಕ್ಟರ ಹಿಂದೆ ಹೊರಟ.

ಎರಡನೇ ದಿನ ಬಿಂದು ಫಿಸಿಯೋಥೆರಪಿಯವರ ಕೈ ಹಿಡಿದು ಕಾರಿಡಾರ್‌ವರೆಗೆ ನಡೆದಳು. ನೋವಿಗೆ ಕಣ್ಣೀರು ಬಂತು, ಆದರೂ ನಡೆದಳು. ಆರು ವಾರಕ್ಕೆ ಶಾಲೆಗೆ ಹೋದಳು.

ಆಪರೇಷನ್ ಗಾಯ ತೋರಿಸಲು ಹೋದ ದಿನ ಡಾಕ್ಟರ್ ಕೇಳಿದರು. “ಮನೇಲಿ ಇನ್ನೊಂದು ಮಗು ಇದೆಯಾ?”

“ಇದಾಳೆ ಸಾರ್, ಚಿಕ್ಕೋಳು ಮಧುಶ್ರೀ. ಹತ್ತು ವರ್ಷ.”

“ಒಡಹುಟ್ಟಿದವರಲ್ಲೂ ಬರೋ ಸಾಧ್ಯತೆ ಇರುತ್ತೆ. ಒಂದ್ಸಲ ನೋಡ್ಬಿಡೋಣ.”

ಮನೆಗೆ ಬಂದ ಕೂಡಲೇ ಜಯಶೀಲಾ ಮಧುಶ್ರೀಯನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಬಗ್ಗಿಸಿದಳು. ಬಲಭಾಗ ಎಡಕ್ಕಿಂತ ಕೊಂಚವೇ ಕೊಂಚ ಮೇಲಿದ್ದಂತೆ ಕಂಡಿತು. ಗಂಡನನ್ನು ಕರೆದಳು. ವೆಂಕಟಾಚಲ ನೋಡಿದ. ಅಂಗಡಿಗೆ ಫೋನ್ ಮಾಡಿ ಶಟರ್ ಎಳೆಯಲು ಹೇಳಿ, ಆಟೋ ಹಿಡಿದ.

ಎಕ್ಸ್‌ರೇಯಲ್ಲಿ ಡೊಂಕು ಹದಿನಾರು ಡಿಗ್ರಿ. “ಈಗ ಏನೂ ಬೇಡ, ಆದ್ರೆ ಬಿಡಬೇಡಿ. ಆರು ತಿಂಗಳಿಗೊಮ್ಮೆ ತೋರಿಸಿ. ಹೆಚ್ಚಾದ್ರೆ ಬ್ರೇಸ್ ಹಾಕೋಣ,” ಎಂದರು ಡಾಕ್ಟರ್.

“ಈ ಸಲ ತಡ ಮಾಡಲ್ಲ ಸಾರ್,” ಎಂದ ವೆಂಕಟಾಚಲ.

ಈ ಕಥೆ ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಮನೆಯಲ್ಲಿ ಹತ್ತರಿಂದ ಹದಿನೈದು ವರ್ಷದ ಮಕ್ಕಳಿದ್ದರೆ ಇವತ್ತೇ ಐದು ನಿಮಿಷ ಬಿಡುವು ಮಾಡಿಕೊಳ್ಳಿ. ಗಂಡಾಗಲಿ ಹೆಣ್ಣಾಗಲಿ, ಬೆನ್ನು ಕಾಣುವಂತೆ ನಿಲ್ಲಿಸಿ. ಎರಡೂ ಭುಜ ಸಮ ಇವೆಯೇ? ಸೊಂಟ ಒಂದು ಕಡೆ ವಾಲಿದೆಯೇ? ಕೈ ಜೋಡಿಸಿ ಮುಂದಕ್ಕೆ ಬಗ್ಗಿದಾಗ ಬೆನ್ನು ಒಂದು ಬದಿಗೆ ಉಬ್ಬುತ್ತದೆಯೇ? ಅನುಮಾನ ಬಂದರೆ ಮಗುವನ್ನು ಬೈಯಬೇಡಿ, ತಿಕ್ಕಿಸಬೇಡಿ, ನೋವು ಬರಲಿ ಎಂದು ಕಾಯಬೇಡಿ. ಮೂಳೆ ವೈದ್ಯರಿಗೆ ತೋರಿಸಿ, ನಿಮ್ಮ ಭಯವನ್ನೆಲ್ಲ ಅವರ ಮುಂದೆಯೇ ಹೇಳಿ. ಎಲ್ಲ ಡೊಂಕಿಗೂ ಆಪರೇಷನ್ ಬೇಕಿಲ್ಲ. ಎಷ್ಟು ಬೇಗ ನೋಡುತ್ತೀರೋ, ಅದು ಬೇಕಾಗದೇ ಹೋಗುವ ಸಾಧ್ಯತೆ ಅಷ್ಟು ಹೆಚ್ಚು.