ನೆಲನೆಲ್ಲಿ ತರಲು ಹೋದವಳು

ರಾಜಾಜಿನಗರದಲ್ಲಿ ಹೊಸ ಮನೆಗಳು ಏಳುತ್ತಿದ್ದ ಕಾಲ. ಹೇರೋಹಳ್ಳಿಯ ಅಕ್ಕಯ್ಯಮ್ಮನ ಗಂಡ ಅಲ್ಲಿ ಗಾರೆ ಕೆಲಸಕ್ಕೆ ಹೋದವನು ವಾರಕ್ಕೊಮ್ಮೆ ಬರುತ್ತಿದ್ದ. ಆರು ವರ್ಷದ ಮಗಳು ಸೀತಾಳಿಗೆ ಕಾಮಾಲೆಯಾಗಿ ಹತ್ತು ದಿನವಾಗಿತ್ತು. ನಾಟಿ ಔಷಧಿಯ ಬೆಟ್ಟಯ್ಯ ಮಗುವಿನ ರೆಪ್ಪೆ ಬಿಡಿಸಿ ನೋಡಿದ.

"ಭಾನ್ವಾರ ಬೆಳಿಗ್ಗೆ ಹೆತ್ತೋಳೇ ಹೋಗಿ ನೆಲನೆಲ್ಲಿ ಕೀಳ್ಬೇಕು ಕಣವ್ವ. ಮನೆ ಸೇರೋ ತನಕ ಯಾರ್ ಕೂಗಿದ್ರೂ ಓ ಅನ್ಬಾರ್ದು, ತಿರುಗಿ ನೋಡ್ಬಾರ್ದು. ನೋಡಿದ್ರೆ ಬೇರಿನ ಗುಣ ಹೋಯ್ತು."

ಹೆರಿಗೆಗೆ ತವರಿಗೆ ಬಂದಿದ್ದ ನಾದಿನಿ ಪಂಕಜಾ ಆಸ್ಪತ್ರೆಗೆ ಹೋಗೋಣ ಎಂದಳು. ಆ ಮಾತನ್ನು ಯಾರು ಕಿವಿಗೆ ಹಾಕಿಕೊಂಡರು?

ಸುಡುವ ಬೇಸಿಗೆಯಲ್ಲಿ ನೆಲನೆಲ್ಲಿ ಇದ್ದರೆ ಕೆರೆಯ ತೂಬಿನ ಕೆಳಗಿನ ಒದ್ದೆಯಲ್ಲಿ ಇರಬೇಕು. ಅಕ್ಕಯ್ಯಮ್ಮ ಬೆಳಕು ಹರಿಯುತ್ತಲೇ ಹೊರಟಳು. ದಾರಿಯುದ್ದಕ್ಕೂ ಹೊಂಗೆ ಹೂವು ಅರಳು ಚೆಲ್ಲಿದಂತೆ ಬಿದ್ದಿತ್ತು. ಬದುವಿನ ಮೇಲೆ ಹಳದಿ ಹೂವಿನ ತಂಗಡಿ, ಅದರಾಚೆ ಮೈತುಂಬ ಹೂ ಬಿಟ್ಟ ಕಕ್ಕೆ ಮರ. ಹೋದ ವರ್ಷ ಸೀತಾ ತಂಗಡಿ ಹೂವನ್ನು ಕಿವಿಗೆ ಸಿಕ್ಕಿಸಿಕೊಂಡು ಇದೇ ದಾರಿಯಲ್ಲಿ ಕುಣಿದಿದ್ದಳು. ಈಗ ಅದೇ ಹಳದಿ ಮಗುವಿನ ಕಣ್ಣಿನಲ್ಲಿತ್ತು, ಉಗುರಿನಲ್ಲಿತ್ತು. ಹಾಳಾದ ಬಣ್ಣ.

ಕೆರೆ ಏರಿಯ ಮಧ್ಯೆ ಬಂದಿದ್ದಳು. ಹಿಂದಿನಿಂದ ದನಿ ಬಂತು.

"ಅತ್ಗೇ!"

ಪಂಕಜಾಳ ದನಿ. ಎಲ್ಲ ಗೊತ್ತಿದ್ದೂ ಕೂಗುತ್ತಾಳಲ್ಲ, ಇವಳಿಗೆ ತಲೆ ಕೆಟ್ಟಿದೆಯೇ ಎಂದು ಅಕ್ಕಯ್ಯಮ್ಮನಿಗೆ ಸಿಟ್ಟು ಬಂತು. ಇನ್ನೊಂದು ಸಲ ಕೂಗು. ಮೂರನೆಯದರಲ್ಲಿ ಅಳು ಬೆರೆತಿತ್ತು. ಕಾಲು ತಾನಾಗಿ ನಿಂತಿತು. ಆಮೇಲೆ ಎರಡೂ ಕಿವಿ ಮುಚ್ಚಿಕೊಂಡು ಬಿರಬಿರನೆ ನಡೆದುಬಿಟ್ಟಳು. ಪಂಕಜಾ ತುಂಬು ಬಸುರಿ, ಓಡಿ ಬಂದು ಹಿಡಿಯುವಂತಿರಲಿಲ್ಲ.

ತೂಬಿನ ಬಳಿ ಮೂರೇ ಮೂರು ಗಿಡ ಸಿಕ್ಕವು. ಬೇರು ಹರಿಯದಂತೆ ಬೆರಳಲ್ಲೇ ಮಣ್ಣು ಕೆದಕಿ ಕಿತ್ತು, ಸೆರಗಿನಲ್ಲಿ ಕಟ್ಟಿಕೊಂಡಳು. ಹಿಂದಿರುಗುವಾಗ ಎದುರು ಸಿಕ್ಕವರು ಅವಳನ್ನು ಕಂಡು ದಾರಿ ಬಿಟ್ಟರು. ತನ್ನ ಕಟ್ಟುಪಾಡು ಇವರಿಗೂ ತಿಳಿದಿರಬೇಕು ಎಂದುಕೊಂಡಳು.

ನಡುಮನೆಯಲ್ಲಿ ಪಂಕಜಾಳ ತೊಡೆಯ ಮೇಲೆ ಮಗು ಮಲಗಿತ್ತು. ಕಣ್ಣು ಮುಚ್ಚಿಸಿ, ಗಲ್ಲದಿಂದ ನೆತ್ತಿಗೆ ಬಟ್ಟೆ ಕಟ್ಟಿದ್ದರು.

"ಅಮ್ಮಾ ಅಮ್ಮಾ ಅಂತ ಒಂದೇ ಸಮ ಕೇಳ್ತು ಅತ್ಗೆ. ಪಾಪಮ್ಮನ ಕೈಗೆ ಕೊಟ್ಟು ಏರಿ ತನಕ ಬಂದೆ. ಮೂರ್ ಸಲ ಕೂಗ್ದೆ" ಎಂದು ಪಂಕಜಾ ಬಿಕ್ಕಿದಳು.

"ಅಷ್ಟು ದೂರ, ಅವ್ಳಿಗೆ ಕೇಳ್ಸಿರಲ್ಲ ಬಿಡು" ಎಂದಳು ಪಕ್ಕದ ಮನೆಯ ಪಾಪಮ್ಮ.

ಅಕ್ಕಯ್ಯಮ್ಮ ಸೆರಗಿನ ಗಂಟು ಬಿಚ್ಚಲಿಲ್ಲ. ಬೆಳಗಿನಿಂದ ಬಿಗಿದಿದ್ದ ಬಾಯಿ ತೆರೆದಳು.

"ಕೇಳಿಸ್ತು ಕಣೇ. ಮೂರ್ ಸಲಾನೂ ಕೇಳಿಸ್ತು."