ಎರಡು ಒಲೆ

ಮಾರಿಬೊಳ್ಳ ಎಂದು ಊರು ಕರೆದ ಆ ದೊಡ್ಡ ನೆರೆ ಇಳಿದ ಹತ್ತನೆಯ ದಿನ ಬಾಗಿಯ ಕಿವಿಗೆ ಒಂದು ಸುದ್ದಿ ಬಿತ್ತು. ನೆರೆ ಪರಿಹಾರ ಸಮಿತಿಯವರು ಜೆಪ್ಪಿನ ಹೊಳೆಬದಿಗೆ ಬರುತ್ತಾರೆ, ಒಲೆಗೆ ಹನ್ನೆರಡು ರೂಪಾಯಿಯಂತೆ ಕೈಗೇ ಹಣ ಕೊಡುತ್ತಾರೆ. ಎಷ್ಟು ತಲೆ ಎಂದು ಕೇಳುವುದಿಲ್ಲ, ಎಷ್ಟು ಹೊಟ್ಟೆ ಎಂದೂ ಕೇಳುವುದಿಲ್ಲ, ಎಷ್ಟು ಒಲೆ ಎಂದು ಮಾತ್ರ ಕೇಳುತ್ತಾರಂತೆ. ಬೇಯಿಸಲು ಅಕ್ಕಿಯೇ ಇಲ್ಲದವರ ಮನೆಯಲ್ಲಿ ಒಲೆ ಎಣಿಸುವ ಬುದ್ಧಿ ಪೇಟೆಯ ದೊಡ್ಡವರಿಗಲ್ಲದೆ ಇನ್ಯಾರಿಗೆ ಬಂದೀತು?

ಬಾಗಿಯೂ ದಡ್ಡಿಯಲ್ಲ. ಗಂಡ ಚನಿಯ ಘಟ್ಟದ ಮೇಲಿನ ಕಾಫಿ ತೋಟಕ್ಕೆ ಹೋದವನು ಎರಡು ವರ್ಷದಿಂದ ಪತ್ತೆಯಿಲ್ಲ. ಹೊಳೆಬದಿಯ ಗೇಣಿ ತುಂಡಿನಲ್ಲಿ ಬಸಳೆ, ಹರಿವೆ, ಅಲಸಂಡೆ ಬೆಳೆದು, ಬುಟ್ಟಿ ಹೊತ್ತು ಪೇಟೆಯಲ್ಲಿ ಮಾರಿ, ತಾಯಿ ಅಮ್ಮಣಿಯನ್ನೂ ಆರು ವರ್ಷದ ಮಗಳು ಕಿನ್ನಿಯನ್ನೂ ಸಾಕುತ್ತಿದ್ದವಳು ಅವಳು. ಈಗ ಆ ತುಂಡಿನ ಮೇಲೆ ಮೊಣಕಾಲುದ್ದ ಮರಳು. ಮನೆಯ ಎರಡು ಗೋಡೆ ನೇತ್ರಾವತಿಯ ಪಾಲಾಗಿತ್ತು. ಹನ್ನೆರಡು ರೂಪಾಯಿಗೆ ಗೋಡೆ ಏಳಬಹುದು, ಮರಳು ಬಿದ್ದ ತುಂಡು ಮತ್ತೆ ಬೆಳೆಯುವುದು ಹೇಗೆ? ಅವಳು ಮನೆ ಪಕ್ಕದ ಖಾಲಿ ದನದ ಹಟ್ಟಿಯ ಮೂಲೆಯಲ್ಲಿ ಮೂರು ಕಲ್ಲಿಟ್ಟು, ಮೇಲೊಂದು ಮಡಕೆ ಕೂರಿಸಿ, ತಾಯಿಯ ಚಾಪೆಯನ್ನು ಅಲ್ಲೇ ಹಾಸಿದಳು.

"ಕೇಳಿದರೆ ಬೇರೆ ಅಡುಗೆ ಅಂತ ಹೇಳು, ಅಷ್ಟೇ."

"ಸುಳ್ಳಲ್ವಾ ಅದು?" ಎಂದಳು ಅಮ್ಮಣಿ.

"ಅವರು ಹೋಗುವವರೆಗೆ. ಮತ್ತೆ ಒಟ್ಟಿಗೆ ಉಣ್ಣುವ."

ಬಂದವರು ಸಮಿತಿಯ ಗುಮಾಸ್ತ ಇಸಿದೋರ್ ಪೊರ್ಬು. ಮನುಷ್ಯ ಕೆಟ್ಟವರಲ್ಲ. ಆದರೆ ಬೆಳಗಿನಿಂದ ನಾಲ್ಕು ಮನೆಯಲ್ಲಿ ಮೋಸ ಹಿಡಿದು ಅವರ ಮೂಗಿನ ತುದಿಗೇ ಸಿಟ್ಟು ಬಂದು ಕೂತಿತ್ತು. ಹಟ್ಟಿಯೊಳಗೆ ಬಗ್ಗಿ ನೋಡಿದರು.

"ಕಲ್ಲಿಗೆ ಮಸಿಯೇ ಇಲ್ಲವಲ್ಲ ಮಾರಾಯ್ತಿ! ಇದು ಎಂತ ಒಲೆ? ಸುಳ್ಳು ಹೆಬ್ಬೆಟ್ಟು ಒತ್ತಿದರೆ ಪೊಲೀಸ್ ಠಾಣೆಗೆ ಹೋಗ್ಬೇಕಾಗ್ತದೆ, ಗೊತ್ತುಂಟಾ?"

ಮಗಳನ್ನು ಈಗಲೇ ಎಳೆದುಕೊಂಡು ಹೋಗುತ್ತಾರೆ ಎಂದು ಅಮ್ಮಣಿಗೆ ಅನಿಸಿರಬೇಕು. ಮುದುಕಿ ಸರಕ್ಕನೆ ಎದ್ದು, ಮನೆದೈವ ಕಲ್ಲುರ್ಟಿಯ ಕಲ್ಲಿನ ಮುಂದೆ ಹೋಗಿ ಕೈಚಾಚಿ ನಿಂತಳು.

"ಕಲ್ಲುರ್ಟಿಯ ಆಣೆ, ಪೊರ್ಬುಗಳೇ. ಇವಳ ಒಲೆಯ ಅಗುಳು ನಾನು ಉಣ್ಣುವುದಿಲ್ಲ. ಇವಳ ಮನೆಯ ಅಕ್ಕಿ ನನ್ನ ಮಡಕೆಗೆ ಬೀಳುವುದಿಲ್ಲ."

ಇಸಿದೋರ್ ಪೊರ್ಬು ಪುಸ್ತಕ ಬಿಡಿಸಿದರು. ಇಗರ್ಜಿಗೆ ಹೋಗುವ ಕ್ರೈಸ್ತರಾದರೂ ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ. ಎರಡು ಒಲೆ ಎಂದು ಬರೆದು, ಇಪ್ಪತ್ತನಾಲ್ಕು ಬೆಳ್ಳಿ ರೂಪಾಯಿ ಎಣಿಸಿ ಹೋದರು.

ಆ ಸಂಜೆ ಬಾಗಿ ನಗುನಗುತ್ತಾ ಗಂಜಿ ಬಡಿಸಿ ತಾಯಿಯನ್ನು ಕರೆದಳು. ಅಮ್ಮಣಿ ಹಟ್ಟಿಯಿಂದ ಏಳಲಿಲ್ಲ.

"ಆಣೆ ಹಾಕಿ ಆಯ್ತಲ್ಲ ಬಾಗಿ."

"ಅದು ಬಾಯಿಮಾತು ಅಮ್ಮ!"

"ಕಲ್ಲುರ್ಟಿ ಕೇಳಿದ್ದು ಬಾಯಿಮಾತನ್ನೇ. ನನಗೆ ಎಂತ ಆದರೂ ಆಗಲಿ. ಅವಳು ಹಿಡಿಯುವುದು ಮನೆಯ ಕುಡಿಯನ್ನು. ಕಿನ್ನಿ ಒಬ್ಬಳೇ ಇರುವುದು ನಮಗೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತನ್ನ ಪಾಲಿನ ಹನ್ನೆರಡರಲ್ಲಿ ಅಕ್ಕಿಗೆಂದು ಎರಡು ಇಟ್ಟುಕೊಂಡು ಉಳಿದ ಹತ್ತನ್ನು ಅಮ್ಮಣಿ ಮಗಳ ಕೈಗೇ ಹಾಕಿದಳು. "ಕೊಡುವುದಿಲ್ಲ ಅಂತ ನಾನು ಆಣೆ ಹಾಕಲಿಲ್ಲ, ಉಣ್ಣುವುದಿಲ್ಲ ಅಂತ ಹಾಕಿದ್ದು. ತುಂಡಿನ ಮರಳು ತೆಗೆಸು," ಎಂದಳು. ಆ ಹಣದಲ್ಲಿ ಮರಳು ಹೋಯಿತು, ಬೀಜ ಬಂತು. ಬಾಗಿಯ ಹನ್ನೆರಡರಲ್ಲಿ ಗೋಡೆ ಎದ್ದು ಮಾಡಿಗೆ ತೆಂಗಿನ ಮಡಲಿನ ಹೊದಿಕೆ ಬಿತ್ತು. ನೋಡಿದವರು ಬಾಗಿಯ ಮನೆ ಚೇತರಿಸಿತು ಎಂದರು. ಹಟ್ಟಿಯ ಕಡೆ ಯಾರೂ ನೋಡಲಿಲ್ಲ.

ಎರಡು ರೂಪಾಯಿಯ ಅಕ್ಕಿ ಎಷ್ಟು ದಿನ ಬಂದೀತು? ಮಳೆ ಕಡಿಮೆಯಾಗುವ ಸೋಣ ತಿಂಗಳು ಮುಗಿಯುವಾಗ ಅಮ್ಮಣಿ ಗಂಜಿಯ ತಿಳಿಯಲ್ಲಿ ಕೆಸುವಿನ ಎಲೆ ಬೇಯಿಸಿಕೊಳ್ಳುತ್ತಿದ್ದಳು. ಅವಳು ಗುಡ್ಡೆಗೆ ಸೊಪ್ಪು ಕೊಯ್ಯಲು ಹೋದಾಗ ಬಾಗಿ ಕದ್ದು ಅವಳ ಡಬ್ಬಿಗೆ ಎರಡು ಹಿಡಿ ಅಕ್ಕಿ ಸುರಿದಳು. ಸಂಜೆ ಆ ಎರಡು ಹಿಡಿ, ನಾಲ್ಕು ಕಾಳು ಹೆಚ್ಚೇ ಸೇರಿ, ಬಾಳೆಲೆಯಲ್ಲಿ ಬಾಗಿಯ ಹೊಸ್ತಿಲ ಮೇಲೆ ಇತ್ತು. ತುಂಡಿನಲ್ಲಿ ಹರಿವೆ ಎದ್ದಿತು. "ನಿನ್ನದೇ ಹಣದ್ದು, ಇದನ್ನಾದರೂ ತಿನ್ನು," ಎಂದರೆ, "ಗೇಣಿ ನಿನ್ನ ಹೆಸರಲ್ಲಿ ಉಂಟು," ಎಂದು ಮುದುಕಿ ಮುಖ ತಿರುಗಿಸಿದಳು. ಬಾಗಿಗೆ ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು. ಸಿಟ್ಟೆಲ್ಲ ತನ್ನ ಮೇಲೆಯೇ. ಮೂರು ಕಲ್ಲು ತಂದಿಟ್ಟದ್ದು ತಾಯಿಯಲ್ಲವಲ್ಲ.

ಆಣೆಗೆ ಬಿಡುಗಡೆ ಇಲ್ಲವೆಂದಲ್ಲ. ಕೋಲದ ದಿನ ದೈವದ ಎದುರು ತಪ್ಪುಕಾಣಿಕೆ ಇಟ್ಟರೆ ದೈವವೇ ಬಾಯಿಬಿಟ್ಟು ಬಿಡಿಸುತ್ತದೆ. ಆದರೆ ಮಳೆಗಾಲದ ಮೊದಲು ಪತ್ತನಾಜೆಗೆ ಕಾಲಿನ ಗಗ್ಗರ ಬಿಚ್ಚಿದ ದೈವಗಳು ಅದನ್ನು ಮತ್ತೆ ಕಟ್ಟಿ ಕೋಲಕ್ಕೆ ನಿಲ್ಲುವುದು ದೀಪಾವಳಿ ಕಳೆದ ಮೇಲೆಯೇ. ನವರಾತ್ರಿಯ ಹೊತ್ತಿಗೆ ಅಮ್ಮಣಿ ಚಾಪೆ ಹಿಡಿದಳು. ದೀಪಾವಳಿ ಕಾಣುವ ದೇಹ ಅದಾಗಿರಲಿಲ್ಲ.

"ಹಣ ವಾಪಸ್ ಕೊಟ್ಟು ಒಂದೇ ಒಲೆ ಅಂತ ಬರೆಸಿ ಬಂದರೆ ಉಣ್ತೀಯಾ?" ಎಂದು ಬಾಗಿ ಕೇಳಿದಳು.

ಅಮ್ಮಣಿ ಕಲ್ಲುರ್ಟಿಯ ಕಲ್ಲಿನ ಕಡೆಗೆ ಮುಖ ತಿರುಗಿಸಿದಳು. "ಹಣ ಹಿಂದೆ ಹೋದರೆ ಆಣೆಯೂ ಹಿಂದೆ ಹೋದ ಹಾಗೆ. ಆಗ ಉಣ್ತೇನೆ."

ಬಾಗಿ ಅಂದೇ ನೆರೆಮನೆಯ ಪೂವಪ್ಪನಿಗೆ ಗೇಣಿ ತುಂಡನ್ನು, ಮೇಲಿದ್ದ ಬೆಳೆಸಹಿತ, ಹನ್ನೆರಡು ರೂಪಾಯಿಗೆ ಬಿಟ್ಟುಕೊಟ್ಟಳು. ಹಣವನ್ನು ಸೊಂಟಕ್ಕೆ ಗಂಟು ಹಾಕಿಕೊಂಡು ಕೊಡಿಯಾಲ್‌ಬೈಲಿನ ಸಮಿತಿಯ ಕಚೇರಿಗೆ ನಡೆದಳು. ಇಸಿದೋರ್ ಪೊರ್ಬು ಎಲ್ಲವನ್ನೂ ಕೇಳಿಸಿಕೊಂಡರು. ಅವರ ಮುಖ ಸಣ್ಣದಾಯಿತು.

"ಲೆಕ್ಕ ಮುಚ್ಚಿ ಕಾಗದ ಮದ್ರಾಸಿಗೆ ಹೋಗಿ ಆಯ್ತು. ಕೊಡುವುದಕ್ಕೆ ಪುಸ್ತಕ ಉಂಟು, ವಾಪಸ್ ತೆಗೊಳ್ಳುವುದಕ್ಕೆ ಇಲ್ಲ ಮಾರಾಯ್ತಿ. ಈಗ ನಾನು ಮುಟ್ಟಿದರೆ ಎರಡು ಒಲೆ ಅಂದದ್ದು ಸುಳ್ಳು ಅಂತ ಆಗ್ತದೆ. ನಿನ್ನ ಹೆಬ್ಬೆಟ್ಟು ಉಂಟು, ನನ್ನ ಸಹಿ ಉಂಟು." ಆಮೇಲೆ ದನಿ ತಗ್ಗಿಸಿದರು. "ಕೊಟ್ಟು ಬಂದೆ ಅಂತ ಹೇಳು. ಅಜ್ಜಿ ಉಣ್ಣಲಿ. ನಾವಾದರೆ ಪಾದ್ರಿಯ ಹತ್ತಿರ ತಪ್ಪೊಪ್ಪಿಕೊಳ್ತೇವೆ, ಮುಗೀತದೆ. ನಿಮ್ಮಲ್ಲಿ ಹೇಗೋ ನನಗೆ ಗೊತ್ತಿಲ್ಲ."

ದಾರಿಯುದ್ದಕ್ಕೂ ಬಾಗಿ ಒಂದೇ ಮಾತನ್ನು ಬಾಯಿಪಾಠ ಮಾಡಿದಳು. ಕೊಟ್ಟೆ, ಬರೆಸಿದೆ, ಮುಗಿಯಿತು. ಮನೆಗೆ ಬಂದವಳೇ ಗಂಜಿ ಕಾಯಿಸಿ, ಮೇಲೆ ಒಂದು ಚಿಟಿಕೆ ಉಪ್ಪು ಹಾಕಿ, ಹಟ್ಟಿಗೆ ತಂದು ತಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ತಲೆಗೆ ಭಾರವೇ ಇರಲಿಲ್ಲ.

"ಕೊಟ್ಟೆ ಅಮ್ಮ. ಬರೆಸಿದೆ. ಒಂದೇ ಒಲೆ ಈಗ."

ಅಮ್ಮಣಿ ಕಣ್ಣು ಬಿಟ್ಟು ಮಗಳನ್ನು ನೋಡಿದಳು. ಹೆತ್ತವಳ ಕಣ್ಣು ಅದು, ಸುಮ್ಮನೆ ನಂಬುವುದಲ್ಲ.

"ಕಿನ್ನಿಯನ್ನು ಕರೆ."

ಕಿನ್ನಿ ಓಡಿ ಬಂದು ಅಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತಿತು.

"ಅದರ ತಲೆ ಮುಟ್ಟಿ ಹೇಳು, ಕಲ್ಲುರ್ಟಿಯ ಹೆಸರಲ್ಲಿ. ನಾನು ಉಂಡರೆ ಮಗುವಿಗೆ ಎಂತ ಆಗಬಾರದು."

ಬಾಗಿಯ ಸೊಂಟದ ಗಂಟಿನಲ್ಲಿ ಹನ್ನೆರಡು ರೂಪಾಯಿ ಹೊಟ್ಟೆಗೆ ಒತ್ತುತ್ತಿತ್ತು. ಒಂದು ಕಡೆ ಹಸಿವಿನಿಂದ ಸಾಯುತ್ತಿರುವ ತಾಯಿ, ಇನ್ನೊಂದು ಕಡೆ ಹೊಟ್ಟೆಯಲ್ಲಿ ಹುಟ್ಟಿದ ಮಗಳು. ದೈವವನ್ನು ನಂಬದವಳಾಗಿದ್ದರೆ ಎಷ್ಟು ಸುಲಭವಿತ್ತು! ಅವಳು ನಂಬುತ್ತಿದ್ದಳು, ತಾಯಿಯಷ್ಟೇ ನಂಬುತ್ತಿದ್ದಳು. ಗಂಜಿ ತಣ್ಣಗಾಗುತ್ತಿತ್ತು. ಅಮ್ಮಣಿ ತುಟಿ ಬಿಗಿದುಕೊಂಡು ಕಾಯುತ್ತಿದ್ದಳು.

ಬಾಗಿ ಮಗಳ ತಲೆಯ ಮೇಲೆ ಕೈ ಇಟ್ಟಳು.

"ಕಲ್ಲುರ್ಟಿಯ ಆಣೆ. ಹಣ ಕೊಟ್ಟು ಬಂದೆ."

ಅಮ್ಮಣಿಯ ಮುಖ ಸಡಿಲವಾಯಿತು. ಹಕ್ಕಿಮರಿಯಂತೆ ಬಾಯಿ ತೆರೆದಳು. ಒಂದು ತುತ್ತು, ಎರಡು ತುತ್ತು, ಮೂರನೆಯದಕ್ಕೆ ಅವಳೇ ಬಾಗಿಯ ಕೈ ಹಿಡಿದು ಎಳೆದುಕೊಂಡಳು. "ಚಟ್ನಿ ಉಂಟಾ?" ಎಂದು ಕೇಳಿದಳು. ಬಟ್ಟಲು ಖಾಲಿಯಾಗುವವರೆಗೆ ಉಂಡಳು.

"ನನಗೂ ಹಸಿವು ಅಮ್ಮ," ಎಂದಿತು ಕಿನ್ನಿ.

ಬಾಗಿ ಮತ್ತೆ ಬಡಿಸಿ ತಂದು ಮಗಳ ಮುಂದೆ ಇಟ್ಟಳು. ಅದು ಉಂಡು ಏಳುವವರೆಗೂ ಅವಳಿಗೆ ಅದರ ಮುಖ ನೋಡಲಾಗಲಿಲ್ಲ.