ಕುರಿಗೆ ಬಿಡಬೇಕಿದ್ದ ಟೊಮೇಟೊ

ಒಂದು ಬಾಕ್ಸ್ ಟೊಮೇಟೊ ಬಿಡಿಸುವ ಕೂಲಿ ಇಪ್ಪತ್ತು ರೂಪಾಯಿ. ಆಂಧ್ರ ಗಡಿಯ ಮದ್ದಿಕೇರದಿಂದ ಪತ್ತಿಕೊಂಡ ಮಾರ್ಕೆಟ್ಟಿಗೆ ಆಟೋ ಬಾಡಿಗೆ ಬಾಕ್ಸಿಗೆ ಹದಿನೈದು. ಅಲ್ಲಿ ಕಮಿಷನ್ ಬೇರೆ. ಶಿವರಾತ್ರಿ ಕಳೆದ ಆ ವಾರ ಬಾಕ್ಸಿಗೆ ಸಿಗುತ್ತಿದ್ದದ್ದು ಮೂವತ್ತು.

ಸಿದ್ದಬಸಪ್ಪ ತನ್ನ ಹೊಲದ ಹಣ್ಣು ಬಿಡಿಸುವುದನ್ನೇ ನಿಲ್ಲಿಸಿದ. ಕುರಿ ಕಾಯುವ ಜಂಬಪ್ಪನಿಗೆ, ನಾಳೆ ಹೊಲಕ್ಕೆ ಕುರಿ ಹೊಡೆದುಕೊಂಡು ಬಾ ಎಂದು ಹೇಳಿಬಂದ. ಅದನ್ನು ಕೇಳಿ ಹೆಂಡತಿ ಪಂಪಮ್ಮನಿಗೆ ಅನ್ನ ಸೇರಲಿಲ್ಲ. ಆ ಗಿಡಗಳಿಗೆ ನೀರು ಕಟ್ಟಿದವಳು ಅವಳು. ನೇರ ಹೋಗಿ ತನ್ನ ಮಹಿಳಾ ಸಂಘದ ತ್ರಿವೇಣಿಯನ್ನು ಕರೆತಂದಳು.

"ಒಣಗಿಸಿ ಇಡ್ರಿ ಮಾವ," ಎಂದಳು ತ್ರಿವೇಣಿ.

"ಅದೂ ಆತು. ಹೋದ ವಾರ ಹೆಚ್ಚಿ, ಜೋಳ ಹರವಿದಂಗ ಡಾಂಬರ್ ರೋಡಿನ ಮ್ಯಾಲೆ ಹರವಿದ್ವಿ. ಎಲ್ಲಾ ಬೂಸ್ಟು ಬಂತು," ಎಂದ ಸಿದ್ದಬಸಪ್ಪ.

"ಜೋಳಕ್ಕ ಮೈಮ್ಯಾಲೆ ಸಿಪ್ಪಿ ಐತಿ. ಹೆಚ್ಚಿದ ಹಣ್ಣಿಗೆ ಏನೈತಿ? ಲಾರಿ ಧೂಳು, ನಾಯಿ ಕಾಲು, ಎಲ್ಲಾ ಅಂಟ್ತೈತಿ."

"ಯಾರಿಗೆ ಬೇಕು ಬಿಡು. ದೇಶಕ್ಕ ಟೊಮೇಟೊ ಹೆಚ್ಚಾಗೇತಿ."

"ಈ ವಾರಕ್ಕ ಹೆಚ್ಚಾಗೇತಿ ಮಾವ. ಮೇ ತಿಂಗಳಾಗ ನೀವೇ ಕಾಲು ಕಿಲೋಕ್ಕ ಚೌಕಾಶಿ ಮಾಡ್ತೀರಿ. ಭೂಮಿ ಮ್ಯಾಲೆ ಎಂಟುನೂರು ಕೋಟಿ ಮಂದಿ ಅದಾರಂತ. ಇನ್ನೂ ಹೆಚ್ಚಾಗ್ತಾರ. ಹೊಲ ಹೆಚ್ಚಾಗ್ತಾವೇನು?"

"ನಮ್ಮದಂತೂ ಕಡಿಮಿ ಆಗೇತಿ. ಮೂರು ಮಂದಿ ಅಣ್ಣತಮ್ಮರು ಹಂಚಿಕೊಂಡ್ವಿ."

"ಮತ್ತ ನೋಡ್ರಿ. ಇದ್ದ ಹೊಲದಾಗ ಬೆಳೆದಿದ್ದನ್ನ ಕೆಡಸಿದ್ರ ಉಣ್ಣೋರಿಗೆ ಎಲ್ಲಿಂದ ತರೋದು?"

"ಭಾಷಣ ಚೊಲೋ ಮಾಡ್ತಿ. ಸರ್ಪಂಚಿಗೆ ನಿಲ್ಲು."

"ನಿಂತರ ಓಟು ನೀವೇ ಹಾಕಂಗಿಲ್ಲ. ಅರ್ಧ ಹೊಲ ಬಿಟ್ಟುಕೊಡ್ರಿ ಸಾಕು."

ಪಂಪಮ್ಮ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವನು ಅರ್ಧ ಬಿಟ್ಟ. ಉಳಿದರ್ಧಕ್ಕೆ ಕುರಿ ಬಂದವು.

ಸಂಘದ ಹೆಂಗಸರು ಗಟ್ಟಿ ಹಣ್ಣು ಆರಿಸಿ ತೊಳೆದರು. ತೆಳ್ಳಗೆ ಹೆಚ್ಚಿ, ಸ್ವಲ್ಪ ಉಪ್ಪು ಉದುರಿಸಿದರು. ಮಾಳಿಗೆಯ ಮೇಲೆ ಹೊರಸು ಮಂಚಗಳನ್ನಿಟ್ಟು, ಒಗೆದ ಬಟ್ಟೆ ಹಾಸಿ, ಹೋಳುಗಳನ್ನು ಹರವಿ, ಮೇಲೆ ಸೊಳ್ಳೆಪರದೆ ಕಟ್ಟಿದರು. ಸಂಜೆಗೆ ಒಳಗೆ, ಬೆಳಿಗ್ಗೆ ಹೊರಗೆ.

ಸಿದ್ದಬಸಪ್ಪ ಸುಮ್ಮನಿರಲಾರದೆ ಮಾಳಿಗೆ ಹತ್ತಿದ. "ಒಣಗ್ಯಾವಲ್ಲ, ಡಬ್ಬಿಗೆ ತುಂಬ್ರಿ."

"ಕೈಯಾಗ ಹಿಡದು ನೋಡ್ರಿ, ಇನ್ನೂ ಅಂಟ್ತಾವ," ಎಂದಳು ತ್ರಿವೇಣಿ. "ಹಸಿ ಇದ್ದಾಗ ತುಂಬಿದ್ರ ಮತ್ತ ಬೂಸ್ಟೇ."

ಮುರಿದರೆ ಚಟಕ್ಕನೆ ಮುರಿಯುವವರೆಗೂ ಕಾದು, ಆಮೇಲೆ ಗಾಳಿಯಾಡದ ಡಬ್ಬಿಗಳಿಗೆ ತುಂಬಿ ಮನೆಮನೆಗೆ ಹಂಚಿಕೊಂಡರು.

ಮೇ ತಿಂಗಳಲ್ಲಿ ಟೊಮೇಟೊ ಬೆಲೆ ಏರಿತು. ಪಂಪಮ್ಮ ಒಣ ಹೋಳುಗಳನ್ನು ಬಿಸಿನೀರಲ್ಲಿ ನೆನೆಸಿ, ಬೇಳೆಯೊಂದಿಗೆ ಬೇಯಿಸಿ ಪಪ್ಪು ಮಾಡಿದಳು. ಸಿದ್ದಬಸಪ್ಪ ಎರಡು ಸಲ ಹಾಕಿಸಿಕೊಂಡ. ಸಂಜೆ ಒಂದು ಡಬ್ಬಿ ಹಿಡಿದು ತ್ರಿವೇಣಿಯ ಮನೆಗೆ ಹೋದ.

"ನಮ್ಮನ್ಯಾಗ ಐತಿ ಮಾವ."

"ಇರ್ಲಿ ತಗೋ ತಾಯಿ. ಖಾಲಿ ಕೈಲೆ ಹೆಂಗ ಬರ್ಲಿ? ಆವತ್ತು ನೀ ಬರದಿದ್ರ ಈ ಊಟಾನೂ ಕುರಿಗೆ ಹಾಕಿರ್ತಿದ್ದೆ."

ಅಕ್ಕಂದಿರೇ, ಅಣ್ಣಂದಿರೇ, ಬೆಲೆ ಬಿದ್ದ ವಾರ ಬೆಳೆಯ ಆಸೆ ಬಿಡುವ ಮೊದಲು ನಿಮ್ಮೂರ ಸಂಘದವರನ್ನು ಕರೆಯಿರಿ. ಮಾರಲು ಆಗದಿದ್ದರೆ ಮನೆಗಾದರೂ ಒಣಗಿಸಿಡಿ. ರಸ್ತೆಯ ಮೇಲೆ ಹರವಬೇಡಿ, ಬೂಸ್ಟು ಬಂದದ್ದನ್ನು ತಿನ್ನಬೇಡಿ. ಸಿದ್ದಬಸಪ್ಪನ ಅರ್ಧ ಹೊಲದ ಹಣ್ಣು ಹೋಯಿತು. ಇನ್ನರ್ಧದಲ್ಲಿ ಅವನ ಮನೆಯವರೂ ಸಂಘದ ಮನೆಗಳವರೂ ಬೇಸಿಗೆಯೆಲ್ಲ ಉಂಡರು.